ಥೆಸಲೋನಿಕಿಯ ಸುಟ್ಟ ಕಾಗದ

ಎಲ್ಲರಿಗೂ ನಮಸ್ಕಾರ. ಗ್ರೀಸಿನ ಥೆಸಲೋನಿಕಿಯಲ್ಲಿ ಏನೇನು ನೋಡಬೇಕು ಅಂತ ಹೇಳಲು ಕರೆದಿದ್ದೀರಿ. ಅಲ್ಲಿಗೆ ಹೋದವರೆಲ್ಲ ಮೊದಲು ಸಮುದ್ರದ ದಂಡೆಯ ಬಿಳಿ ಗೋಪುರದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ತೆಗೆಸಿಕೊಳ್ಳಿ, ಚೆನ್ನಾಗಿದೆ. ಒಳಗೆ ಊರಿನ ಇತಿಹಾಸದ ಮ್ಯೂಸಿಯಂ ಇದೆ, ಮೇಲೆ ಹತ್ತಿದರೆ ಇಡೀ ಕೊಲ್ಲಿ ಕಾಣುತ್ತದೆ. ಆಟೋಮನ್ ತುರ್ಕರ ಕಾಲದಲ್ಲಿ ಅದು ಜೈಲಾಗಿತ್ತು, ಜನ ಅದನ್ನು ರಕ್ತದ ಗೋಪುರ ಅನ್ನುತ್ತಿದ್ದರು. ಆಮೇಲೆ ಸುಣ್ಣ ಬಳಿದು ಬಿಳಿ ಗೋಪುರ ಮಾಡಿದರು. ಆದರೆ ನನ್ನ ಮಾತು ಶುರುವಾಗುವುದು ಅಲ್ಲಿಂದ ಅಲ್ಲ, ಒಂದಿಷ್ಟು ಸುಟ್ಟ ಚೂರುಗಳಿಂದ.

ಗೋಪುರದಿಂದ ಐದು ಹತ್ತು ನಿಮಿಷ ನಡೆದರೆ ಪುರಾತತ್ವ ಮ್ಯೂಸಿಯಂ ಸಿಗುತ್ತದೆ. ಅಲ್ಲಿ ಗಾಜಿನ ಕೆಳಗೆ ಕರಕಲಾದ ಹಪ್ಪಳದ ಚೂರುಗಳ ಹಾಗೆ ಏನೋ ಇಟ್ಟಿರುತ್ತಾರೆ. ಜಾಸ್ತಿ ಜನ ನಿಲ್ಲುವುದೇ ಇಲ್ಲ. ನೀವು ನಿಲ್ಲಿ. ಬಗ್ಗಿ ನೋಡಿ. ಕಪ್ಪಿನ ಮೇಲೆ ಕಪ್ಪು ಶಾಯಿ, ಸಣ್ಣ ಸಣ್ಣ ಗ್ರೀಕ್ ಅಕ್ಷರ, ಸಾಲು ನೇರವಾಗಿದೆ. ಇದು ಡೆರ್ವೇನಿ ಪಪೈರಸ್. ಪಪೈರಸ್ ಅಂದರೆ ಜೊಂಡಿನಂಥ ಗಿಡದಿಂದ ಮಾಡುತ್ತಿದ್ದ ಹಳೆಯ ಕಾಲದ ಕಾಗದ. 1962ರಲ್ಲಿ ಊರಿಂದ ಸುಮಾರು ಹತ್ತು ಕಿಲೋಮೀಟರ್ ದೂರದ ಡೆರ್ವೇನಿಯಲ್ಲಿ ರಸ್ತೆ ಕೆಲಸದ ವೇಳೆ ಹಳೆಯ ಸಮಾಧಿಗಳು ಸಿಕ್ಕವು, ಅದರಲ್ಲಿ ಒಂದರ ಮೇಲಿನ ಚಿತೆಯ ಬೂದಿಯಲ್ಲಿ ಈ ಸುರುಳಿ ಇತ್ತು. ಕ್ರಿಸ್ತಪೂರ್ವ 4ನೇ ಶತಮಾನದ್ದು. ಯೂರೋಪಿನಲ್ಲಿ ಸಿಕ್ಕಿರುವ, ಓದಲು ಬರುವ ಅತ್ಯಂತ ಹಳೆಯ ಹಸ್ತಪ್ರತಿ ಇದೇ. 2015ರಲ್ಲಿ ಯುನೆಸ್ಕೋದ ವಿಶ್ವ ಸ್ಮೃತಿ ಪಟ್ಟಿಗೆ, ಅಂದರೆ ಜಗತ್ತಿನ ಅಮೂಲ್ಯ ದಾಖಲೆಗಳ ಪಟ್ಟಿಗೆ ಸೇರಿತು.

ಗ್ರೀಸಿನ ಮಣ್ಣಿನಲ್ಲಿ ತೇವ ಇರುತ್ತದೆ. ಈಜಿಪ್ಟಿನ ಒಣ ಮರಳಿನಲ್ಲಿ ಉಳಿಯುವ ಪಪೈರಸ್ ಇಲ್ಲಿ ಕೊಳೆತುಹೋಗುತ್ತದೆ. ಈ ಸುರುಳಿಯನ್ನು ಸತ್ತವನ ಜೊತೆ ಸುಡಲಿ ಅಂತಲೇ ಚಿತೆಗೆ ಹಾಕಿದ್ದರು. ಅದು ಪೂರ್ತಿ ಸುಡಲಿಲ್ಲ, ಅರ್ಧ ಇದ್ದಲಾಯಿತು. ಇದ್ದಲಾಗಿದ್ದಕ್ಕೆ ಕೊಳೆಯಲಿಲ್ಲ. ಅದರಲ್ಲಿರುವುದು ಗ್ರೀಕ್ ಪುರಾಣದ ಹಾಡುಗಾರ ಆರ್ಫಿಯಸ್ ಬರೆದದ್ದು ಅಂತ ನಂಬಿದ್ದ ಒಂದು ಪದ್ಯಕ್ಕೆ ಯಾರೋ ಬರೆದ ವ್ಯಾಖ್ಯಾನ: ದೇವರುಗಳ ಕಥೆಯನ್ನು ಹಾಗೇ ನಂಬಬೇಡಿ, ಒಳಗಿನ ಅರ್ಥ ಬೇರೆ ಇದೆ ಅಂತ ಬಿಡಿಸಿ ಹೇಳುತ್ತಾ ಹೋಗುವ ಬರಹ. ಬರೆದವನ ಹೆಸರು ಅದರಲ್ಲಿ ಇಲ್ಲ. ನಾನು ಆ ಗಾಜಿನ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ, ಕಾವಲಿನ ಹೆಂಗಸು ಬಂದು ಬಾಗಿಲು ಹಾಕುವ ಹೊತ್ತಾಯಿತು ಅಂತ ಸನ್ನೆ ಮಾಡಿದರು.

ಅದೇ ಡೆರ್ವೇನಿಯ ಪಕ್ಕದ ಸಮಾಧಿಯ ಕಂಚಿನ ಪಾತ್ರೆಯೂ ಇಲ್ಲೇ ಇದೆ, ಇದರ ಮುಂದೆ ಮಾತ್ರ ಯಾವಾಗಲೂ ಗುಂಪು. ಸುಮಾರು 90 ಸೆಂಟಿಮೀಟರ್ ಎತ್ತರ, 40 ಕಿಲೋ ತೂಕ. ನೋಡಿದರೆ ಚಿನ್ನ ಅನ್ನಿಸುತ್ತದೆ. ಚಿನ್ನ ಒಂದು ಗುಂಜಿಯೂ ಇಲ್ಲ, ಕಂಚಿಗೆ ತವರ ಜಾಸ್ತಿ ಹಾಕಿದ್ದಕ್ಕೆ ಆ ಹೊಳಪು. ದ್ರಾಕ್ಷಾರಸದ ದೇವರು ಡಯೋನಿಸಸ್ ಆರಾಮಾಗಿ ಕೂತು ಹೆಂಡತಿ ಅರಿಯಾಡ್ನೆಯ ತೊಡೆಯ ಮೇಲೆ ಕಾಲು ಹಾಕಿದ್ದಾನೆ. ಸುತ್ತ ಹೆಂಗಸರು ಮೈಮರೆತು ಕುಣಿಯುತ್ತಿದ್ದಾರೆ. ದ್ರಾಕ್ಷಾರಸ ಬೆರೆಸುವ ಪಾತ್ರೆ ಇದು, ಆದರೆ ಸಿಕ್ಕಾಗ ಒಳಗಿದ್ದದ್ದು ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸಿನ ಅಸ್ಥಿ. ಹಿಂದೆಯೂ ಸುತ್ತಿ ನೋಡಿ, ಅವಸರ ಬೇಡ.

ಪಕ್ಕದಲ್ಲೇ ಬೈಜಾಂಟೈನ್, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ಕಾಲದ ಮ್ಯೂಸಿಯಂ ಇದೆ. ಅದನ್ನು ಮಾರನೇ ದಿನಕ್ಕೆ ಇಟ್ಟುಕೊಳ್ಳಿ. ಒಂದೇ ದಿನ ಎರಡನ್ನೂ ಮುಗಿಸಿದರೆ ಕೊನೆಗೆ ಯಾವುದೂ ತಲೆಯಲ್ಲಿ ಉಳಿಯುವುದಿಲ್ಲ.

ಇನ್ನು ಊರೊಳಗೆ ಬನ್ನಿ. ರೊಟುಂಡಾ ಅಂತ ಒಂದು ದೊಡ್ಡ ದುಂಡು ಕಟ್ಟಡ ಇದೆ, ಕ್ರಿಸ್ತಶಕ 4ನೇ ಶತಮಾನದ ಶುರುವಿನಲ್ಲಿ ರೋಮನ್ ಚಕ್ರವರ್ತಿ ಗಲೇರಿಯಸ್ ಕಟ್ಟಿಸಿದ್ದು. ಮುಂದೆ ಚರ್ಚ್ ಆಯಿತು, ಆಮೇಲೆ ಮಸೀದಿ, ಮಿನಾರ್ ಇವತ್ತಿಗೂ ಪಕ್ಕದಲ್ಲಿ ನಿಂತಿದೆ. ಒಳಗೆ ಹೋಗಿ ಕತ್ತೆತ್ತಿ. ಚಿನ್ನದ ಬಣ್ಣದ ಮೊಸಾಯಿಕ್‌ನಲ್ಲಿ, ಅಂದರೆ ಸಣ್ಣ ಬಣ್ಣದ ಚೂರುಗಳನ್ನು ಜೋಡಿಸಿ ಮಾಡಿದ ಚಿತ್ರದಲ್ಲಿ, ಕೈಯೆತ್ತಿ ಪ್ರಾರ್ಥಿಸುವ ಹುತಾತ್ಮರಿದ್ದಾರೆ, ಪಕ್ಕದಲ್ಲಿ ಹೆಸರು ಮತ್ತು ಕಸುಬು ಬರೆದಿದೆ: ಒಬ್ಬ ಸೈನಿಕ, ಒಬ್ಬ ವೈದ್ಯ, ಒಬ್ಬ ಕೊಳಲು ನುಡಿಸುವವನು.

1917ರ ಆಗಸ್ಟಿನಲ್ಲಿ ಈ ಊರು ಸುಟ್ಟುಹೋಯಿತು. ಒಂದು ಮನೆಯ ಅಡುಗೆ ಒಲೆಯ ಕಿಡಿ, ಜೋರು ಗಾಳಿ, ನೀರಿಲ್ಲ. 32 ಗಂಟೆ ಉರಿಯಿತು, 70,000ಕ್ಕೂ ಹೆಚ್ಚು ಜನ ಮನೆ ಕಳೆದುಕೊಂಡರು. ಊರಿನ ಸಂತ ದಿಮಿತ್ರಿಯೋಸನ ದೊಡ್ಡ ಚರ್ಚೂ ಬೆಂಕಿಗೆ ಬಿತ್ತು. ಅದಾದ ಮೇಲೆ ಅಗೆದಾಗ, ಶತಮಾನಗಳಿಂದ ಮುಚ್ಚಿಹೋಗಿದ್ದ ನೆಲಮಾಳಿಗೆ ಸಿಕ್ಕಿತು. ಈಗ ಮೆಟ್ಟಿಲಿಳಿದು ಹೋಗಿ ನೋಡಬಹುದು. ಮೇಲೆ ಕೆಲವು ಮೊಸಾಯಿಕ್‌ಗಳು ಮಾತ್ರ ಉಳಿದಿವೆ. ಒಂದರಲ್ಲಿ ಸಂತ ಇಬ್ಬರ ನಡುವೆ ನಿಂತು ಅವರ ಹೆಗಲ ಮೇಲೆ ಕೈ ಹಾಕಿದ್ದಾನೆ, ಗೆಳೆಯರ ಹಾಗೆ. ನಾನು ಊರು ಬಿಡುವ ದಿನ ಬೆಳಿಗ್ಗೆ ಮತ್ತೊಮ್ಮೆ ಹೋಗಿ ಅದನ್ನೇ ನೋಡಿ ಬಂದೆ.

ಊರಿನ ಕೆಳಗೆ ಇನ್ನೂ ಎಷ್ಟಿದೆ ಅಂತ ತಿಳಿಯಲು ಮೆಟ್ರೋ ಹತ್ತಿ. ಕೆಲಸ ಶುರುವಾದದ್ದು 2006ರಲ್ಲಿ, ರೈಲು ಓಡಿದ್ದು 2024ರ ನವೆಂಬರ್ 30ಕ್ಕೆ. ಅಗೆದಲ್ಲೆಲ್ಲ ಹಳೆಯ ಊರು, 3 ಲಕ್ಷಕ್ಕೂ ಹೆಚ್ಚು ವಸ್ತುಗಳು. ವೆನಿಜೆಲು ನಿಲ್ದಾಣದಲ್ಲಿ ಇಳಿದರೆ ಬೈಜಾಂಟೈನ್ ಕಾಲದ ಅಮೃತಶಿಲೆ ಹಾಸಿದ ರಸ್ತೆ ಕಾಣುತ್ತದೆ. ಕೆಲಸಕ್ಕೆ ಹೋಗುವವರು ಅದರ ಪಕ್ಕದಲ್ಲೇ ರೈಲಿಗೆ ಓಡುತ್ತಿರುತ್ತಾರೆ.

ಒಂದು ಜಾಗ ಮಾತ್ರ ದಯವಿಟ್ಟು ಬಿಡಬೇಡಿ. ಆಯಿಯು ಮಿನಾ ಬೀದಿಯ ಯಹೂದಿ ಮ್ಯೂಸಿಯಂ, 1917ರ ಬೆಂಕಿಯಿಂದ ಬಚಾವಾದ ಕಟ್ಟಡ. 1492ರಲ್ಲಿ ಸ್ಪೇನ್ ಹೊರಹಾಕಿದ ಯಹೂದಿಗಳು ಇಲ್ಲಿ ನೆಲೆಸಿ, 400 ವರ್ಷಕ್ಕೂ ಮಿಕ್ಕಿ ತಮ್ಮ ಹಳೆಯ ಸ್ಪ್ಯಾನಿಷ್ ಭಾಷೆಯನ್ನೇ ಮನೆಮಾತಾಗಿ ಉಳಿಸಿಕೊಂಡಿದ್ದರು. ಬಂದರಿನ ಕೂಲಿಗಳಲ್ಲಿ ಅವರೇ ಜಾಸ್ತಿ, ಶನಿವಾರ ಯಹೂದಿಗಳು ಕೆಲಸ ಮಾಡದ ಪವಿತ್ರ ದಿನ, ಹಾಗಾಗಿ ಅವತ್ತು ಬಂದರಿಗೇ ರಜೆ. 1943ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ನಾಜಿಗಳು 45,000ಕ್ಕೂ ಹೆಚ್ಚು ಜನರನ್ನು ರೈಲಿನಲ್ಲಿ ತುಂಬಿ ಕಳಿಸಿದರು, ಬಹುಪಾಲು ಆಶ್ವಿಟ್ಸ್ ಎಂಬ ಸಾವಿನ ಶಿಬಿರಕ್ಕೆ. ವಾಪಸ್ ಬಂದವರು ತೀರಾ ಕಡಿಮೆ.

ಮ್ಯೂಸಿಯಮ್ಮಿನ ಕೆಳಗಿನ ಅಂತಸ್ತಿನಲ್ಲಿ ಸಮಾಧಿ ಕಲ್ಲುಗಳಿವೆ. 1942ರ ಡಿಸೆಂಬರಿನಲ್ಲಿ ಯಹೂದಿಗಳ ಹಳೆಯ ಸ್ಮಶಾನವನ್ನು ಒಡೆದು ಹಾಕಿದರು, ಕಲ್ಲುಗಳನ್ನು ಊರಿನವರು ಗೋಡೆಗೆ, ನೆಲಕ್ಕೆ ಬಳಸಿದರು. ಆ ಜಾಗದ ಮೇಲೆ ಈಗ ಅರಿಸ್ಟಾಟಲ್ ವಿಶ್ವವಿದ್ಯಾಲಯ ಇದೆ. 2014ರಲ್ಲಿ ಅಲ್ಲಿ ಒಂದು ಸ್ಮಾರಕ ಇಟ್ಟರು. ಪುರಾತತ್ವ ಮ್ಯೂಸಿಯಮ್ಮಿನಿಂದ ನಡೆದೇ ಹೋಗಬಹುದು, ದೂರವಿಲ್ಲ. ಹುಡುಗರು ಪುಸ್ತಕ ಹಿಡಿದು ಓಡಾಡುತ್ತಿರುತ್ತಾರೆ, ಕೇಳಿದರೆ ಸ್ಮಾರಕದ ದಾರಿ ತೋರಿಸುತ್ತಾರೆ.