ಕೋಟೆಗೆ ಬೆಣ್ಣೆ, ಗೂಡಿಗೆ ಸುಣ್ಣ

[ದೃಶ್ಯ: ಸಮುದ್ರದಂಚಿನ ಗುಡ್ಡದ ಮೇಲೆ ಕೋಟೆ. ಕ್ಯಾಮೆರಾ ನಿಧಾನಕ್ಕೆ ಕೆಳಗಿಳಿಯುತ್ತದೆ.]

ಇದು ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ದ್ವೀಪ. ಬಂದವರು ಕೋಟೆಯ ಫೋಟೋ ತೆಗೆದು ಹೊರಟುಬಿಡುತ್ತಾರೆ. ಹತ್ತಿರದಲ್ಲೇ ಕಮಾನುಗಳಿರುವ ದಪ್ಪ ಕಲ್ಲುಕಟ್ಟಡ ಇದೆ, ನೋಡಿ. ಕೋಟೆಯದೇ ಒಂದು ಭಾಗ ಅನ್ನಿಸುತ್ತೆ, ಅಲ್ವಾ? ಅಲ್ಲ. ಅವು 1860ರ ದಶಕದ ಸುಣ್ಣದ ಗೂಡುಗಳು, ಅಂದರೆ ಸುಣ್ಣದಕಲ್ಲು ಸುಟ್ಟು ಸುಣ್ಣ ಮಾಡುತ್ತಿದ್ದ ಕುಲುಮೆಗಳು.

[ಚಿತ್ರ: ಗೂಡಿನ ಸೀಳುನೋಟ]

ಕೆಲಸ ಹೀಗೆ. ಒಂದು ಪದರ ಸುಣ್ಣದಕಲ್ಲು, ಒಂದು ಪದರ ಕಲ್ಲಿದ್ದಲು, ಮತ್ತೆ ಕಲ್ಲು. ಬಾಯಿ ಮೇಲಿದೆ, ಅಲ್ಲಿಂದ ತುಂಬಬೇಕು. ಅದಕ್ಕೇ ಎಷ್ಟೋ ಗೂಡುಗಳನ್ನು ಗುಡ್ಡಕ್ಕೆ ಒರಗಿಸಿ ಕಟ್ಟಿದರು. ಬಂಡಿ ಸೀದಾ ಬಾಯಿಯ ತನಕ ಬರುತ್ತಿತ್ತು. ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿಗೆ ಕಲ್ಲು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. 100 ಕಿಲೋ ಶುದ್ಧ ಕಲ್ಲಿಗೆ ಸಿಗುವುದು 56 ಕಿಲೋ ಸುಟ್ಟ ಸುಣ್ಣ ಅಷ್ಟೇ. ಉಳಿದದ್ದು ಗಾಳಿಗೆ. ಕೆಳಗಿನ ಕಮಾನಿನಲ್ಲಿ ನಿಂತವರು ಸುಣ್ಣ ಎಳೆದುಕೊಳ್ಳುತ್ತಿದ್ದರು. ಅದಕ್ಕೆ ನೀರು ಬಿದ್ದರೆ ಕೊತಕೊತ ಕುದಿಯುತ್ತದೆ. ಕಣ್ಣಿಗೆ ಸಿಡಿದರೆ ಮುಗಿಯಿತು. ಚಳಿಗೆ ಗೂಡಿನ ಪಕ್ಕ ಮಲಗಿದ ಅಲೆಮಾರಿಗಳು ವಿಷಗಾಳಿಗೆ ಸಿಕ್ಕಿ ಏಳದೇ ಹೋದದ್ದೂ ಉಂಟು.

ಇಷ್ಟೆಲ್ಲ ಯಾಕೆ? ಹುಳಿ ಮಣ್ಣನ್ನು ಹದ ಮಾಡೋಕೆ, ಗಾರೆಗೆ, ಗೋಡೆ ಬಳಿಯೋಕೆ, ಚರ್ಮ ಹದ ಮಾಡೋಕೆ.

[ದೃಶ್ಯ: ಹುಲ್ಲಿನ ನಡುವೆ ಹಳೆಯ ಬಂಡಿದಾರಿಯ ಗುರುತು]

ನನ್ನ ತಕರಾರು ಇಲ್ಲಿದೆ. ಗೂಡೊಂದನ್ನೇ ಉಳಿಸಿ ಸುತ್ತ ಬೇಲಿ ಹಾಕಿದರೆ ಅರ್ಧ ಕಥೆ ಹೋಯಿತು. ಈ ದ್ವೀಪದಲ್ಲಿ ಕಲ್ಲು ತೆಗೆದ ಕ್ವಾರಿ ಉತ್ತರದ ಕಡೆಗಿದೆ. ಅಲ್ಲಿಂದ ಹಳಿಯ ಮೇಲೆ ಬಂಡಿಗಳು ಬರುತ್ತಿದ್ದವು. ಸುಣ್ಣ ಹಡಗಿನಲ್ಲಿ ಸ್ಕಾಟ್ಲೆಂಡಿನ ಡಂಡಿಗೆ ಹೋಗುತ್ತಿತ್ತು, ಕಲ್ಲಿದ್ದಲು ಹಡಗಿನಲ್ಲೇ ಬರುತ್ತಿತ್ತು. ಕ್ವಾರಿ, ದಾರಿ, ಗೂಡು, ಕಡಲು, ಒಂದನ್ನು ಬಿಟ್ಟರೆ ಇನ್ನೊಂದು ಅರ್ಥವಾಗಲ್ಲ. ಆದರೆ ಕ್ವಾರಿ ಅಂದರೆ ಜನಕ್ಕೆ ಸುಮ್ನೆ ಒಂದು ಹೊಂಡ. ಎಷ್ಟೋ ಕಡೆ ಅದಕ್ಕೆ ಕಸ ಸುರಿದು ಮುಚ್ಚಿದ್ದಾರೆ. ಹಾಗೇ ಬಿಟ್ಟಲ್ಲಿ ಆ ತೆಳು ಮಣ್ಣಿನಲ್ಲಿ ಕಾಡು ಆರ್ಕಿಡ್‌ಗಳು ಅರಳುತ್ತವೆ.

[ದೃಶ್ಯ: ಕತ್ತಲ ಸುರಂಗ, ಟಾರ್ಚ್ ಬೆಳಕು]

ಇಂಗ್ಲೆಂಡಿನದೇ ಯಾರ್ಕ್‌ಷೈರಿನ ಲ್ಯಾಂಗ್‌ಕ್ಲಿಫ್‌ನಲ್ಲಿ ಉಳಿಸುವ ಕೆಲಸ ಜಾಸ್ತಿ ಚೆನ್ನಾಗಿ ಮಾಡಿದ್ದಾರೆ. ಅಲ್ಲಿ 1873ರ ಹಾಫ್‌ಮನ್ ಗೂಡು ಇದೆ. ಇಟ್ಟಿಗೆ ಸುಡಲು ಜರ್ಮನಿಯಲ್ಲಿ ಹುಟ್ಟಿದ ವಿನ್ಯಾಸ ಇದು. ಬಳೆಯ ಹಾಗೆ ಸುತ್ತುವ ಸುರಂಗ. ಬೆಂಕಿ ಆರುತ್ತಿರಲಿಲ್ಲ, ಒಂದು ಕೋಣೆಯಿಂದ ಮುಂದಿನದಕ್ಕೆ ನಡೆಯುತ್ತಲೇ ಇರುತ್ತಿತ್ತು. ಅದರ ಹಿಂದೆ ಒಬ್ಬರು ಸುಣ್ಣ ಖಾಲಿ ಮಾಡುತ್ತಿದ್ದರೆ, ಮುಂದೆ ಇನ್ನೊಬ್ಬರು ಕೈಯಲ್ಲೇ ಕಲ್ಲು ಜೋಡಿಸುತ್ತಿದ್ದರು. ಈಗ ಇದು ಬ್ರಿಟನ್ನಿನ 1979ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಸಂರಕ್ಷಿತ ಸ್ಮಾರಕ. ಒಪ್ಪಿಗೆ ಇಲ್ಲದೆ ಕಟ್ಟಡವನ್ನು ಬದಲಾಯಿಸಿದರೆ, ಕೆಡವಿದರೆ ಅಪರಾಧ. ಆದರೆ ಒಳಗೆ ನಡೆದು ನೋಡಲು ಯಾರ ಅಡ್ಡಿಯೂ ಇಲ್ಲ. ಟಾರ್ಚ್ ಮಾತ್ರ ಮರೆಯಬೇಡಿ.