ಆ ನಂಬರ್ ಕೊಟ್ಟದ್ದು ಕೆಲಸಕ್ಕೆ

ಎಲ್ಲರಿಗೂ ನಮಸ್ಕಾರ.

ಪ್ರಾಚಾರ್ಯರು ನನಗೆ ಕೊಟ್ಟ ವಿಷಯ ‘ಸಂದರ್ಶನಕ್ಕೆ ತಯಾರಿ’. ಅದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಟೈ ಕಟ್ಟೋದು ಹೇಗೆ, ಕೈ ಕುಲುಕೋದು ಹೇಗೆ ಅನ್ನೋದೆಲ್ಲ ಯೂಟ್ಯೂಬ್‌ನಲ್ಲೇ ಸಿಗುತ್ತದೆ. ಪ್ರಾಚಾರ್ಯರ ಒಪ್ಪಿಗೆ ಕೇಳಿಯೇ ನಾನು ಬೇರೆ ಮಾತು, ಆರಿಸುವವರೂ ಕೆಲಸ ಕೇಳಿ ಬರುವವರೂ ದಾಟಬಾರದ ಗೆರೆಯ ಮಾತು, ಆಡಲು ಬಂದಿದ್ದೇನೆ. ಮುಂದಿನ ವಾರ ಬಳ್ಳಾರಿಯಲ್ಲಿ ಉದ್ಯೋಗ ಮೇಳ. ಕೆಲಸ ಹುಡುಕುವವರು ಇಲ್ಲಿದ್ದೀರಿ. ಮುಂದಿನ ಸಾಲಿನಲ್ಲಿ ಕಂಪನಿಗಳ ಎಚ್‌ಆರ್‌ನವರೂ ಕೂತಿದ್ದೀರಿ. ಇಬ್ಬರೂ ಒಂದೇ ಕಡೆ ಸಿಗೋದು ಅಪರೂಪ.

ನಾನು ವರ್ಷಗಟ್ಟಲೆ ಮೇಜಿನ ಆ ಕಡೆ, ಆರಿಸುವವರ ಕಡೆ ಕೂತವಳು. ಈ ಕಡೆಯ ಕುರ್ಚಿಗೆ ಬರುವವರು ಎಲ್ಲಿಂದ ಬರುತ್ತಾರೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಆಗಲಿಲ್ಲ, ಜೀನ್ಸ್ ಘಟಕದ ಸಂಬಳ ಸಾಲಲ್ಲ, ಇನ್ನೇನು, ಹಂಪಿ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿ. ಬಾಗಿಲ ಹತ್ತಿರ ಚೀಲದ ಮೇಲೆ ಕೂತು ರಾತ್ರಿ ಕಳೆದು, ಬೆಂಗಳೂರು ಸ್ಟೇಷನ್ನಿನ ನಲ್ಲಿಯಲ್ಲಿ ಮುಖ ತೊಳೆದು, ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡ ಇಸ್ತ್ರಿ ಅಂಗಿ ಹಾಕಿಕೊಂಡು ಬರುತ್ತಾರೆ. ಎದುರಿಗೆ ಒಬ್ಬರು ಲ್ಯಾಪ್‌ಟಾಪ್ ತೆರೆದು ಕೂತಿರುತ್ತಾರೆ. ಆ ಅರ್ಧ ಗಂಟೆಯಲ್ಲಿ ಅವರು ಬರೆಯುವ ಎರಡು ಸಾಲಿನ ಮೇಲೆ ಒಂದು ಮನೆಯ ಸಾಲದ ಕಂತು ನಿಂತಿರುತ್ತದೆ. ಎಚ್‌ಆರ್‌ನವರೇ, ‘ನಾವೂ ಸಂಬಳಕ್ಕೆ ದುಡಿಯುವವರೇ, ನಮ್ಮ ಕೈಯಲ್ಲಿ ಏನಿದೆ’ ಅಂತೀರಿ. ಆ ಅರ್ಧ ಗಂಟೆ ಎಲ್ಲ ನಿಮ್ಮ ಕೈಯಲ್ಲೇ ಇರುತ್ತದೆ.

ಸಿರುಗುಪ್ಪ ಕಡೆಯ ಒಬ್ಬ ಹುಡುಗಿ. ಬಿಕಾಂ ಮುಗಿಸಿದವಳು. ಒಂದು ಮೇಳದಲ್ಲಿ ಸಂದರ್ಶನ ಕೊಟ್ಟು ಊರಿಗೆ ಹೋದಳು. ರಾತ್ರಿ ಒಂಬತ್ತೂವರೆಗೆ, ಸಂದರ್ಶನ ಮಾಡಿದವನಿಂದ ವಾಟ್ಸಾಪ್‌ನಲ್ಲಿ ಮೆಸೇಜು: ‘ಊರು ಮುಟ್ಟಿದ್ರಾ?’ ಕಾಳಜಿಯ ಮಾತೇ, ಅಲ್ವಾ? ‘ಮುಟ್ಟಿದೆ ಸರ್’ ಅಂದಳು. ಮಾರನೇ ದಿನ ‘ಡಿಪಿ ಚೆನ್ನಾಗಿದೆ’. ಇವಳು ಒಂದು ನಗುವ ಚಿತ್ರ ಕಳಿಸಿದಳು. ಅದರ ಮಾರನೇ ದಿನ ‘ಲಿಸ್ಟ್ ನನ್ನ ಹತ್ರನೇ ಇದೆ. ಭಾನುವಾರ ಹೊಸಪೇಟೆಗೆ ಬನ್ನಿ, ಕಾಫಿ ಕುಡಿಯುತ್ತ ಮಾತಾಡೋಣ’. ಆಗ ನನಗೆ ಫೋನು ಬಂತು. ‘ಅಕ್ಕಾ, ಬರಲ್ಲ ಅಂದ್ರ ಹೆಸರು ತೆಗೀತಾರೇನೋ. ಬರ್ತೀನಿ ಅಂದ್ರ ಮುಂದ ಏನು ಕೇಳ್ತಾರೋ’ ಅಂದಳು. ದನಿಯಲ್ಲಿ ಅಳು ಇರಲಿಲ್ಲ. ಲೆಕ್ಕ ಹಾಕುತ್ತಿದ್ದಳು. ಕೆಲಸಕ್ಕೆ ಅರ್ಜಿ ಹಾಕಿದ ಹುಡುಗಿ ಇಂಥ ಲೆಕ್ಕ ಹಾಕಬೇಕಾಗಿ ಬಂತಲ್ಲ ಅಂತ ನನಗೆ ಹೊಟ್ಟೆ ಉರಿಯಿತು.

ಅವನ ಮ್ಯಾನೇಜರ್ ಹತ್ತಿರ ನಾನೇ ಮಾತಾಡಿದೆ. ಅವರು ಹೇಳಿದ್ದು: ‘ಮೇಡಂ, ಆ ಹುಡುಗೀನೂ ಸ್ಮೈಲಿ ಹಾಕಿದಾಳಲ್ಲ.’

ನಾನು ಇವತ್ತು ಬಂದದ್ದೇ ಈ ಮಾತಿಗೆ ಉತ್ತರ ಕೊಡಲು. ಕೆಲಸ ನಿಮ್ಮ ಕೈಯಲ್ಲಿ ಇರುವ ತನಕ ಎದುರಿನವರ ‘ಹೂಂ’ಗೆ ಅರ್ಥ ಹಚ್ಚಲು ಬರುವುದಿಲ್ಲ. ಅದು ಇಷ್ಟವೋ, ಭಯವೋ, ಮರ್ಯಾದೆಯೋ ನಿಮಗೆ ಗೊತ್ತಾಗಲ್ಲ. ಎಷ್ಟೋ ಸಲ ಅವರಿಗೇ ಗೊತ್ತಾಗಲ್ಲ. ಗೊತ್ತಾಗದ ಮೇಲೆ ಕೇಳಲೇಬಾರದು. ಅವಳು ನಂಬರ್ ಬರೆದದ್ದು ಬಯೋಡಾಟಾದ ಮೇಲೆ. ಆ ನಂಬರ್ ಕೊಟ್ಟದ್ದು ಕೆಲಸಕ್ಕೆ.

‘ನಿಜವಾಗಿ ಇಷ್ಟ ಆಗಿಬಿಟ್ಟರೆ?’ ಅಂತ ಒಂದು ಕಾಲೇಜಿನಲ್ಲಿ ಒಬ್ಬ ಹುಡುಗ ಕೇಳಿದ. ಹಾಲ್ ಎಲ್ಲ ನಕ್ಕಿತು. ನೀವೂ ನಗ್ತಿದ್ದೀರಿ, ನಗಿ. ಆದರೆ ಪ್ರಶ್ನೆ ಒಳ್ಳೆಯದೇ. ಇಷ್ಟ ಆಗೋದು ತಪ್ಪಲ್ಲ. ಹಾಗಾದರೆ ಮೊದಲು ಆ ಆಯ್ಕೆಯಿಂದ ಹೊರಗೆ ಬನ್ನಿ. ‘ಈ ಅಭ್ಯರ್ಥಿಯ ಫೈಲು ಬೇರೆಯವರು ನೋಡಲಿ’ ಅಂತ ಮೇಲಿನವರಿಗೆ ಬರೆದು ಕೊಡಿ. ತೀರ್ಮಾನ ಆಗಿ, ಆ ತೀರ್ಮಾನದಲ್ಲಿ ನಿಮ್ಮ ಕೈ ಇಲ್ಲ ಅಂತ ಅವರಿಗೂ ಗೊತ್ತಾಗಲಿ. ಆಮೇಲೂ ಬಯೋಡಾಟಾದಲ್ಲಿ ಇದ್ದ ನಂಬರಿಗೆ ಫೋನ್ ಹಚ್ಚಬೇಡಿ. ಅದು ಕೆಲಸಕ್ಕೆ ಕೊಟ್ಟದ್ದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆಯ ತಿರುಳೂ ಇದೇ. ಯಾವ ಕೆಲಸಕ್ಕೆಂದು ಮಾಹಿತಿ ಕೊಟ್ಟಿದ್ದಾರೋ ಅದಕ್ಕಷ್ಟೇ ಬಳಸಬೇಕು.

ಈಗ ಕಾನೂನು. ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟು ಕೊಟ್ಟ 1997ರ ವಿಶಾಖಾ ತೀರ್ಪು, ಅದರ ಬೆನ್ನಿಗೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ನಿಮಗೆ ಗೊತ್ತು. ‘ನಾನು ಇನ್ನೂ ಆ ಕಂಪನಿ ಸೇರಿಲ್ಲ, ನನಗೆ ಅದು ಅನ್ವಯ ಆಗಲ್ಲ’ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಕಾಯ್ದೆ ತೆರೆದು ನೋಡಿ. ದೂರು ಕೊಡುವ ಹೆಣ್ಣುಮಗಳು ಯಾವ ವಯಸ್ಸಿನವಳಾದರೂ ಸರಿ, ಅಲ್ಲಿ ನೌಕರಿಯಲ್ಲಿ ಇದ್ದರೂ ಇಲ್ಲದಿದ್ದರೂ ಸರಿ ಎಂದೇ ಬರೆದಿದೆ. ಹಾಗೇ, ‘ನಿನಗೆ ಅನುಕೂಲ ಮಾಡಿಕೊಡ್ತೀನಿ’ ಅನ್ನುವ ಆಸೆ, ‘ಇಲ್ಲಾಂದ್ರೆ ನೋಡು’ ಅನ್ನುವ ಬೆದರಿಕೆ, ಇವು ಬಾಯಿಬಿಟ್ಟು ಹೇಳದೆ ಸೂಚನೆಯಲ್ಲಿ ಇದ್ದರೂ ಲೆಕ್ಕಕ್ಕೆ ಬರುತ್ತವೆ. ‘ಲಿಸ್ಟ್ ನನ್ನ ಹತ್ರನೇ ಇದೆ’ ಅನ್ನೋದು ಸೂಚನೆ ಅಲ್ಲದೆ ಮತ್ತೇನು?

ನನಗೆ ತುಂಬ ಹತ್ತಿರವಾದ ಒಂದು ಕೇಸು ಹೇಳಬೇಕು. ಟೈಮ್ ಆದರೂ ಪರವಾಗಿಲ್ಲ, ಇದನ್ನು ಬಿಡಲ್ಲ. ನೀರಾ ಮಾಥುರ್ ಅಂತ. 1989ರಲ್ಲಿ ಎಲ್‌ಐಸಿಗೆ ಸಹಾಯಕಿ ಕೆಲಸಕ್ಕೆ ಆಯ್ಕೆಯಾದರು. ಪರೀಕ್ಷೆ ಪಾಸು, ಸಂದರ್ಶನ ಪಾಸು. ಆಮೇಲೆ ಕೈಗೆ ಒಂದು ಫಾರಂ. ಅದರಲ್ಲಿ ಮದುವೆಯಾದ ಹೆಂಗಸರಿಗೆ ಬೇರೆ ಕಾಲಮ್ಮು. ಮುಟ್ಟು ಸರಿಯಾಗಿ ಆಗುತ್ತದೆಯೇ, ನೋವು ಇದೆಯೇ, ಕಡೆಯ ಸಲ ಯಾವಾಗ ಆಯಿತು, ಎಷ್ಟು ಸಲ ಗರ್ಭಿಣಿ ಆಗಿದ್ದೀರಿ. ಗುಮಾಸ್ತಿಕೆಗೂ ಮುಟ್ಟಿನ ತಾರೀಕಿಗೂ ಏನು ಸಂಬಂಧ? ಆದರೆ ಕೆಲಸ ಬೇಕು, ಎಲ್ಲರೂ ತುಂಬುತ್ತಾರೆ. ಇವರೂ ತುಂಬಿದರು. ಕೆಲಸಕ್ಕೆ ಸೇರಿ, ಹೆರಿಗೆ ರಜೆ ಕೇಳಿದ ಮೇಲೆ ಪ್ರೊಬೇಷನ್‌ನಲ್ಲೇ ತೆಗೆದುಹಾಕಿದರು. ಕೊಟ್ಟ ಕಾರಣ, ಆ ತಾರೀಕು ಸುಳ್ಳು ಬರೆದಿದ್ದಾರೆ ಅಂತ! 1991ರಲ್ಲಿ ಸುಪ್ರೀಂ ಕೋರ್ಟು ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಿ ಎಂದಿತು. ಇಂಥ ಪ್ರಶ್ನೆಗಳು ಮುಜುಗರದವು, ಅವಮಾನ ಮಾಡುವಂಥವು, ಕಾಲಮ್ಮೇ ತೆಗೆಯಿರಿ ಎಂದಿತು. ಇಷ್ಟೆಲ್ಲ ಆಗಿ ಮೂವತ್ತು ವರ್ಷ ದಾಟಿದೆ. ‘ಮದುವೆ ಯಾವಾಗ? ಮಕ್ಕಳ ಪ್ಲಾನ್ ಇದೆಯಾ?’ ಅಂತ ನಮ್ಮ ಹೆಣ್ಣುಮಕ್ಕಳನ್ನು ಇವತ್ತೂ ಕೇಳುತ್ತಾರೆ. ಫಾರಂನಿಂದ ಹೋದದ್ದು ಬಾಯಿಗೆ ಬಂದಿದೆ.

ನಮ್ಮ ಕಡೆ ಇನ್ನೊಂದು ಪ್ರಶ್ನೆ ಇದೆ. ಹೆಸರು ಕೇಳ್ತಾರೆ, ಊರು ಕೇಳ್ತಾರೆ, ಆಮೇಲೆ ಮೆತ್ತಗೆ, ‘ಅಲ್ಲಿ ನೀವು ಯಾವ ಪೈಕಿ?’ ನಗುನಗುತ್ತಲೇ ಜಾತಿ ಕೇಳುತ್ತಾರೆ. ಹುಡುಗನ ಮುಖ ನೋಡಿ ಆಗ. ಸರ್ಕಾರಿ ಅರ್ಜಿಯಲ್ಲಿ ಮೀಸಲಾತಿಗೆ ಕಾಲಮ್ಮು ಇರುತ್ತದೆ, ಕಲ್ಯಾಣ ಕರ್ನಾಟಕದವರ ಮೀಸಲಾತಿಯ 371(ಜೆ) ವಿಧಿಗೆ ಅರ್ಹತಾ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಅದು ಹಕ್ಕು, ಅದಕ್ಕೆ ದಾಖಲೆ ಉಂಟು. ಖಾಸಗಿ ಕಂಪನಿಯ ಸಂದರ್ಶನದಲ್ಲಿ ಈ ಪೈಕಿ ಯಾಕೆ ಬೇಕು? ಎಚ್‌ಆರ್‌ನವರೇ, ದಯವಿಟ್ಟು ನಿಲ್ಲಿಸಿ.

ಅಭ್ಯರ್ಥಿಗಳ ಕಡೆಯಿಂದಲೂ ಗೆರೆ ದಾಟುತ್ತದೆ. ಗಂಗಾವತಿ ಕಡೆಯ ಒಬ್ಬ ಹಿರಿಯರು ಒಂದು ದಿನ ಬೆಳಿಗ್ಗೆ ನಮ್ಮ ಮನೆ ಗೇಟಿನ ಒಳಗೆ ಸೋನಾಮಸೂರಿ ಅಕ್ಕಿ ಚೀಲ ಇಳಿಸಿದರು. ‘ಏನೂ ಇಲ್ಲವ್ವ, ಹೊಲದಾಗ ಬೆಳೆದದ್ದು. ಹುಡುಗನ ಹೆಸರು ಲಿಸ್ಟ್‌ನಾಗ ಐತಲ್ಲ, ಅಷ್ಟ.’ ಚೀಲವನ್ನು ವಾಪಸ್ ಆಟೋಗೆ ಹೇರಿಸುವುದರೊಳಗೆ ಬೀದಿಯವರೆಲ್ಲ ಬಂದು ನಿಂತಿದ್ದರು! ಒಬ್ಬರು ‘ನೀವು ಬೇಡ ಅಂದ್ರ ನಮಗಾದ್ರೂ ಕೊಡ್ರಿ’ ಅಂದರು. ಆ ಹಿರಿಯರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಏನೂ ಕೊಡದೆ ಕೆಲಸ ಸಿಗುವುದನ್ನು ಅವರು ಕಂಡೇ ಇರಲಿಲ್ಲ. ಟೀ ಕೊಟ್ಟು, ಹುಡುಗನ ಲೆಕ್ಕಪತ್ರದ ಜ್ಞಾನ ಚೆನ್ನಾಗಿದೆ, ಅದು ಸಾಕು ಅಂತ ಹೇಳಿ ಕಳಿಸಿದೆ. ಅವನ ಫೈಲು ಮಾತ್ರ ಅವತ್ತೇ ಬೇರೆಯವರಿಗೆ ಕೊಟ್ಟೆ.

ಚೀಟಿ ಬಂತು, ಐದೇ ನಿಮಿಷ. ಬರೆದುಕೊಂಡು ಬಂದದ್ದು ಇನ್ನೂ ಬಹಳ ಇದೆ. ಬೇಗ ಹೇಳ್ತೇನೆ.

ಮೂಲ ಅಂಕಪಟ್ಟಿ ತೋರಿಸಿ, ಬಿಟ್ಟು ಬರಬೇಡಿ. ಕೆಲಸ ಕೊಡಿಸಲು ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಗಲ್ಫ್‌ಗೆ ಕಳಿಸ್ತೀವಿ ಅನ್ನುವ ಏಜೆಂಟರಿಗೆ 1983ರ ವಲಸೆ ಕಾಯ್ದೆಯ ನೋಂದಣಿ ಇರಲೇಬೇಕು. ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಹೆಸರು ನೋಡಿಕೊಳ್ಳಿ.

ಬೇಡದ ಮೆಸೇಜು ಬಂದರೆ ಒಂದೇ ಉತ್ತರ ಸಾಕು: ‘ಸರ್, ಕೆಲಸದ ವಿಷಯ ಕಂಪನಿ ಇಮೇಲ್‌ನಲ್ಲಿ ತಿಳಿಸಿ. ಬೇರೆ ಮೆಸೇಜ್ ಕಳಿಸಬೇಡಿ.’ ಸಿರುಗುಪ್ಪದ ಹುಡುಗಿಗೂ ಇದನ್ನೇ ಬರೆಯಲು ಹೇಳಿದೆ. ಹೆಣ್ಣುಮಗಳು ಬೇಡ ಎಂದು ಸ್ಪಷ್ಟವಾಗಿ ತಿಳಿಸಿದ ಮೇಲೂ ಗಂಡಸು ಮತ್ತೆ ಮತ್ತೆ ಬೆನ್ನು ಹತ್ತಿದರೆ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಇದೆ. ಸ್ಕ್ರೀನ್‌ಶಾಟ್ ತೆಗೆದಿಡಿ, ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಜಾಗ ಆದರೆ, ಅಥವಾ ಮಾಲೀಕನ ಮೇಲೇ ದೂರು ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿ. ದೂರು 3 ತಿಂಗಳೊಳಗೆ ಬರೆದು ಕೊಡಬೇಕು. ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ಮಹಿಳಾ ಸಹಾಯವಾಣಿ 181.

ಮೇಳ ನಡೆಸುವವರಲ್ಲಿ ಒಂದೇ ಬೇಡಿಕೆ. ಪ್ರತಿ ಕಂಪನಿಯ ಟೇಬಲ್ಲಿನ ಮೇಲೆ ಅವರ ಆಂತರಿಕ ಸಮಿತಿಯ ಫೋನ್ ನಂಬರ್ ಅಂಟಿಸಿ. ಕಂಪನಿಯವರು ಅಭ್ಯರ್ಥಿಯ ನಂಬರ್ ತಗೊಳ್ಳುತ್ತಾರಲ್ಲ, ಇದೊಂದನ್ನು ಅವರೂ ಕೊಡಲಿ.

ಈಗ ಪ್ರಶ್ನೆ ಕೇಳಿ. ಮೈಕು ಮೊದಲು ಹಿಂದಿನ ಸಾಲಿಗೆ ಕೊಡಿ. ಆಗಿನಿಂದ ಅಲ್ಲಿ ಒಬ್ಬಳು ಕೈ ಎತ್ತಿಕೊಂಡೇ ಇದ್ದಾಳೆ.