ಮಾಟುಂಗಾದಲ್ಲಿ ಮಾರಿಸನ್

ನಮಸ್ಕಾರ. ಮೊನ್ನೆ ಮುಂಬೈನ ಮಾಟುಂಗಾದಲ್ಲಿ ಗೆಳೆಯರೊಬ್ರ ಮನೇಲಿ ಕವಿತೆ ಓದೋಕೆ ಅಂತ ಹತ್ತು ಹನ್ನೆರಡು ಜನ ಸೇರಿದ್ವಿ, ಹೊರಗೆ ಧೋ ಅಂತ ಮಳೆ, ಅರ್ಧ ಜನ ನೆಂದ್ಕೊಂಡೇ ಬಂದಿದ್ರು, ಅಂಥದ್ರಲ್ಲಿ ನಾನು ಹೋಗಿ ಅಮೆರಿಕದ ಡೋರ್ಸ್ ಅನ್ನೋ ರಾಕ್ ಬ್ಯಾಂಡಿನ ಗಾಯಕ ಜಿಮ್ ಮಾರಿಸನ್ ಹಾಡೊಂದನ್ನ ಕನ್ನಡಕ್ಕೆ ತಂದು ಓದ್ಬಿಟ್ಟೆ. 1967ರ 'ದಿ ಎಂಡ್'. ಅದ್ರಲ್ಲೊಂದು ಹಾವು ಬರತ್ತೆ. ಓದಿ ಮುಗಿಸಿದ್ನೋ ಇಲ್ವೋ, "ಹಾವು ಅಂದ್ರೆ ಡ್ರಗ್ಸಾ?" ಅಂತ ಒಬ್ರು, "ಅಲ್ಲ, ಸಾವು" ಅಂತ ಇನ್ನೊಬ್ರು.

ಮೂಲೇಲಿ ಕೂತಿದ್ದ ಮೇಷ್ಟ್ರು, ಒಂದು ಕಾಲಕ್ಕೆ ಇಲ್ಲೇ ಕನ್ನಡ ರಾತ್ರಿ ಶಾಲೇಲಿ ಪಾಠ ಮಾಡಿದೋರು, "ಅಲ್ರೀ, ಕೋಡಗನ ಕೋಳಿ ನುಂಗಿತ್ತ ಅಂತ ಶರೀಫಜ್ಜ ಹಾಡಿದ್ರೆ ಯಾವ ಕೋಳಿ ಅಂತ ಕೇಳ್ತೀರೇನು?" ಅಂದ್ರು. ಎಲ್ರೂ ನಕ್ರು. ಆದ್ರೆ ನನಗದು ಪೂರ್ತಿ ಒಪ್ಪಿಗೆ ಆಗ್ಲಿಲ್ಲ. ನಮ್ಮ ಬೆಡಗಿನ ವಚನ, ದಾಸರ ಮುಂಡಿಗೆ, ಇಂಥ ಒಗಟಿನ ಪದಗಳಿಗೆ ಒಂದು ಕೀಲಿಕೈ ಇರತ್ತೆ, ಗುರು ಶಿಷ್ಯರಿಗೆ ಗೊತ್ತಿರೋ ಲೆಕ್ಕ ಅದು, ಅರ್ಥ ಬಿಡಿಸಿ ಟೀಕೆ ಬರೆದಿಟ್ಟೋರೂ ಇದಾರೆ. ರಾಕ್ ಹಾಡಿಗೆ ಅಂಥ ಗುರು ಎಲ್ಲಿ? ಕೇಳೋರೇ ಕೀಲಿ ಮಾಡ್ಕೋತಾರೆ, ಕೆಲವು ಸಲ ಬೀಗಾನೂ ಅವರದ್ದೇ. ಬೀಟಲ್ಸ್ ಬ್ಯಾಂಡಿನ ಹಾಡಲ್ಲಿ ಬರೋ 'ಲೂಸಿ' ಅನ್ನೋ ಹುಡುಗೀನ ಜನ ಎಲ್‌ಎಸ್‌ಡಿ ಅನ್ನೋ ಡ್ರಗ್ಸ್ ಅಂದ್ರು, ಹಾಡು ಬರೆದ ಲೆನನ್ ಮಾತ್ರ ಅದು ನನ್ನ ಮಗ ಬರೆದ ಚಿತ್ರ ಕಣ್ರೋ ಅಂತಾನೇ ಇದ್ದ.

ಹಾಗಂತ ಮಾರಿಸನ್ ಸುಮ್ನೆ ಏನೋ ಬಡಬಡಿಸ್ತಿದ್ದ ಅಂತಲ್ಲ. ಬ್ಯಾಂಡಿನ ಹೆಸರೇ ಇಂಗ್ಲಿಷ್ ಲೇಖಕ ಹಕ್ಸ್‌ಲಿ ಪುಸ್ತಕದಿಂದ ಬಂದಿದ್ದು, ಹಕ್ಸ್‌ಲಿಗೆ ಅದು ಕವಿ ಬ್ಲೇಕ್‌ನಿಂದ. 1970ರ ಡಿಸೆಂಬರ್ 8ಕ್ಕೆ, ತನ್ನ 27ನೇ ಹುಟ್ಟುಹಬ್ಬದ ದಿನ, ಲಾಸ್ ಏಂಜಲೀಸಲ್ಲಿ ಸ್ಟುಡಿಯೋಗೆ ಹೋಗಿ ಬರೀ ಕವಿತೆ ಓದಿ ರೆಕಾರ್ಡ್ ಮಾಡಿಸ್ದ. ಮುಂದಿನ ಜುಲೈಯಲ್ಲಿ ಪ್ಯಾರಿಸ್‌ನಲ್ಲಿ ತೀರ್ಕೊಂಡ. ಆಮೇಲೆ ಬ್ಯಾಂಡಿನ ಉಳಿದ ಮೂವರು ಆ ದನಿಗೆ ಮ್ಯೂಸಿಕ್ ಕೂಡಿಸಿ 1978ರಲ್ಲಿ ಆಲ್ಬಮ್ ತಂದ್ರು. ಅವತ್ತು ಮೊಬೈಲಲ್ಲಿ ಅದನ್ನೇ ಸ್ವಲ್ಪ ಹಾಕ್ದೆ. ನನಗಂತೂ ವಾದ್ಯ ನಿಂತು ಅವನ ದನಿ ಒಂದೇ ಉಳಿಯೋ ಜಾಗಗಳೇ ಇಷ್ಟ, ಅಲ್ಲಿ ಹಾವು ಏನು ಅಂತ ಕೇಳೋದೇ ಮರ್ತು ಹೋಗತ್ತೆ. ಮೇಷ್ಟ್ರಿಗೆ ಉಲ್ಟಾ, ಅವರಿಗೆ ಹಿಡಿಸಿದ್ದು ಗಿಟಾರೇ.

ಮುಂದಿನ ಸಲ ಅಲ್ಲಮನ ಬೆಡಗು ಓದ್ತಾರಂತೆ, "ಗಿಟಾರ್ ಹುಡುಗ ಯಾರಾದ್ರೂ ಇದ್ರೆ ಕರ್ಕೊಂಬಾ" ಅಂದಿದಾರೆ. ಒಬ್ಬ ಇದಾನೆ, ಆದ್ರೆ ಡೊಂಬಿವಲಿಯಿಂದ ಬರ್ಬೇಕು, ಗಿಟಾರ್ ಹೊತ್ಕೊಂಡು ಸಂಜೆ ಲೋಕಲ್ ಹತ್ತಬೇಕಲ್ಲ, ಈಗ ಅದೇ ಯೋಚನೆ.